ಪದ್ಯದಿಂದ ಬಿದ್ದುಹೋದ ಅರ್ಧ

ಅತಾರ್ ಊರಿನಲ್ಲಿ ಪದ್ಯವಾಗದ ವಿಷಯವನ್ನು ಯಾರೂ ಪೂರ್ತಿ ನಂಬುವುದಿಲ್ಲ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಕ್ರಮಕ್ಕೊಂದು ಪದ್ಯ, ಆಸ್ತಿ ಪಾಲು ಮಾಡುವುದಕ್ಕೊಂದು ಪದ್ಯ, ಒಂಟೆಯ ಕಜ್ಜಿಗೆ ಒಂದು, ಆ ಕಜ್ಜಿಯ ಮದ್ದಿಗೆ ಇನ್ನೊಂದು. ಪದ್ಯದಲ್ಲಿ ಕೇಳಿದ್ದು ನಾಲಿಗೆಯ ಮೇಲೆ ಚಾಪೆ ಹಾಸಿಕೊಂಡು ಕೂತುಬಿಡುತ್ತದೆ. ಬರೀ ಮಾತಿನಲ್ಲಿ ಕೇಳಿದ್ದು ಮಧ್ಯಾಹ್ನದ ಬಿಸಿಗಾಳಿಯ ಜೊತೆ ಎದ್ದು ಹೋಗುತ್ತದೆ. ಹಾಗಿರುವಾಗ ಸಲ್ಕಾ ಎಂಬ ಹುಡುಗಿ ಭೌತಶಾಸ್ತ್ರವನ್ನು ಪದ್ಯ ಮಾಡಿದಳೆಂದರೆ ಅದರಲ್ಲಿ ಅಂಥ ಆಶ್ಚರ್ಯವೇನಿಲ್ಲ.

ಸಲ್ಕಾಳ ತಾತ ಸಿದಾತಿ ಒಂದು ಆಯುಷ್ಯವನ್ನೇ ಮರಳುಗಾಡಿನ ಪಾಠಶಾಲೆಯಲ್ಲಿ ಕಳೆದವರು. ಮರದ ಹಲಗೆಯ ಮೇಲೆ ಮಸಿಯಲ್ಲಿ ಬರೆಸಿ, ಬಾಯಿಗೆ ಬಂದ ಮೇಲೆ ತೊಳೆಸಿ, ಮತ್ತೆ ಬರೆಸಿ, ಎಷ್ಟು ಮಕ್ಕಳನ್ನು ದಡ ಮುಟ್ಟಿಸಿದ್ದರೋ ಲೆಕ್ಕ ಅವರಿಗೇ ಗೊತ್ತಿಲ್ಲ. ಅವರ ಎಡಗಾಲು ಕುಂಟು. ಆದರೆ ಅವರ ಬಾಯಿಂದ ಕುಂಟುವ ಪದ್ಯ ಒಂದೂ ಹೊರಬಿದ್ದಿಲ್ಲವೆಂದು ಊರಿಗೆ ಊರೇ ಹೇಳುತ್ತಿತ್ತು. ತಾತನಿಗೂ ಅದು ಕಿವಿಗೆ ಹಿತವಾಗಿಯೇ ಇತ್ತು.

ಆ ವರ್ಷ ಬಾಕ್ ಎಂಬ ಶಾಲೆ ಮುಗಿಸುವ ದೊಡ್ಡ ಪರೀಕ್ಷೆಗೆ ಕೂರುವ ಮಕ್ಕಳು ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದರು. ಗುಂಪಿನ ಹೆಸರು 'ಬಾವಿ ಹಗ್ಗ'. ಹೆಸರಿಟ್ಟವಳು ತಕ್ಬರ್, ದೂರದ ತಿಜಿಕ್ಜಾ ಊರಿನವಳು. ಬಾವಿ ಆಳವಾಗಿದ್ದಾಗ ಒಬ್ಬರ ಹಗ್ಗ ಸಾಲುವುದಿಲ್ಲ, ಎಲ್ಲರೂ ತಮ್ಮ ತಮ್ಮ ತುಂಡು ತಂದು ಗಂಟು ಹಾಕಬೇಕು ಎಂದು ಅವಳ ವಿವರಣೆ. ಗುಂಪಿನಲ್ಲಿ ಪೂರ್ತಿ ಉತ್ತರ ಕೊಡುವ ಹಾಗಿರಲಿಲ್ಲ. ಯಾರಾದರೂ ಲೆಕ್ಕದಲ್ಲಿ ಸಿಕ್ಕಿಕೊಂಡರೆ ಒಬ್ಬರು ಒಂದು ಹೆಜ್ಜೆ ಹೇಳಬೇಕು, ಮುಂದಿನ ಹೆಜ್ಜೆ ಇನ್ನೊಬ್ಬರದು. ಅದೂ ಬರಹದಲ್ಲಿ ಅಲ್ಲ, ಧ್ವನಿಯಲ್ಲಿ. ಅರ್ಧ ಜನರ ಫೋನಿನ ಗಾಜು ಒಡೆದಿತ್ತು. ಗಾಜು ನೆಟ್ಟಗಿದ್ದವರಿಗೂ ಪುಸ್ತಕದ ಫೋಟೋ ಇಳಿಯುವಷ್ಟರಲ್ಲಿ ಕುದಿಯಲಿಟ್ಟ ಟೀ ಆರಿಹೋಗುತ್ತಿತ್ತು. ಧ್ವನಿಯಾದರೆ ಹಗುರ, ಹಾರಿ ಬರುತ್ತದೆ.

ಹೀಗೆ ಧ್ವನಿಯಲ್ಲಿ ಹೇಳಿ ಹೇಳಿ ಸೂತ್ರಗಳು ಯಾರ ತಲೆಯಲ್ಲೂ ನಿಲ್ಲದಿದ್ದಾಗ ಸಲ್ಕಾ ಪದ್ಯ ಕಟ್ಟತೊಡಗಿದಳು. ಬೆಳಕು ಬಾಗುವುದಕ್ಕೊಂದು, ಕರೆಂಟಿಗೊಂದು, ಸ್ಪ್ರಿಂಗಿಗೊಂದು. ಕಟ್ಟಿದ್ದನ್ನೆಲ್ಲ ತಾತನ ಮುಂದೆ ಓದುತ್ತಿದ್ದಳು. ತಾತನಿಗೆ ಭೌತಶಾಸ್ತ್ರ ಗೊತ್ತಿಲ್ಲ, ಲಯ ಗೊತ್ತು. ಬೆರಳಿನಲ್ಲಿ ಎಣಿಸಿ, ತಾಳ ತಪ್ಪಿದ ಕಡೆ ಹುಬ್ಬೆತ್ತಿ, ಒಂದು ಪದ ತೆಗೆದು ಇನ್ನೊಂದು ಕೂರಿಸಿ ಕೊಡುತ್ತಿದ್ದರು. ಕೊನೆಗೆ ತಾವೇ ಗಂಟಲು ಸರಿಮಾಡಿಕೊಂಡು ಓದುತ್ತಿದ್ದರು, ಮೊಮ್ಮಗಳು ಅದನ್ನು ಗುಂಪಿಗೆ ಹಾಕುತ್ತಿದ್ದಳು. ಸಿದಾತಿಯವರ ಗಂಟಲಿನಲ್ಲಿ ಬಂದದ್ದೆಂದರೆ ಮುಗಿಯಿತು. ಕರಾವಳಿಯಿಂದ ನದಿಯಂಚಿನವರೆಗೆ ಗುರುತಿಲ್ಲದ ಮಕ್ಕಳೂ ಆ ಪದ್ಯಗಳನ್ನು ಬಾಯಿಪಾಠ ಮಾಡಿದರು.

ಅವುಗಳಲ್ಲೆಲ್ಲ ಹೆಚ್ಚು ಓಡಾಡಿದ್ದು ಓಡುವ ವಸ್ತುವಿನ ಶಕ್ತಿಯ ಪದ್ಯ.

ರಾಶಿಯ ತೆಗೆದುಕೊ, ವೇಗದಿ ಗುಣಿಸಿಕೊ,
ವೇಗದಿ ಮರಳಿಯು ಗುಣಿಸಿದರಾಯಿತು
ಓಡುವ ವಸ್ತುವಿನೊಡಲಿನ ಶಕ್ತಿಯು.

ಕುಡಿದ ನೀರಿನಂತೆ ಒಳಗಿಳಿಯುತ್ತಿತ್ತು. ಕೆಲವರು ಅದನ್ನು ಹಿಟ್ಟು ಕಲೆಸುವಾಗ ಗುನುಗುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ತಕ್ಬರಳ ಧ್ವನಿ ಬಂತು. ಖರ್ಜೂರ ಹಣ್ಣಾಗುವ ಕಾಲವಾದ್ದರಿಂದ ಅವಳ ಮನೆಯವರೆಲ್ಲ ತೋಟಕ್ಕೆ ಬಂದು ಡೇರೆ ಹಾಕಿದ್ದರು. ಅಲ್ಲಿ ಸಿಗ್ನಲ್ ಸಿಗಬೇಕಾದರೆ ಒಂದು ಬಂಡೆ ಹತ್ತಬೇಕು. ಇವತ್ತು ಬಂಡೆ ಹತ್ತಿದ್ದು ಇದೇ ಕೊನೆ, ನಾಳೆ ಬೆಳಗ್ಗೆ ಸೀದಾ ಪರೀಕ್ಷೆಗೆ ಹೋಗುತ್ತೇನೆ ಎಂದಳು. ತಕ್ಬರ್ ಆಗಲೇ ಎರಡು ಸಲ ಬಾಕ್‌ನಲ್ಲಿ ಬಿದ್ದಿದ್ದಳು, ಎರಡು ಸಲವೂ ಭೌತಶಾಸ್ತ್ರದಲ್ಲಿ. ಅವಳ ಅಪ್ಪ ಒಳ್ಳೆಯ ಮನುಷ್ಯ, ಆದರೆ ಆಡಿದ ಮಾತು ಆಡಿದ್ದೇ. ಟೀ ಕೂಡ ಮೂರೇ ಲೋಟ ಮಗಳೇ, ಮೂರನೆಯದು ಕುಡಿದ ಮೇಲೆ ಏಳಬೇಕು ಎಂದುಬಿಟ್ಟಿದ್ದ. ಇದು ಅವಳ ಮೂರನೇ ಲೋಟ.

"ಶಕ್ತಿ ಲೆಕ್ಕ ಬಂದೇ ಬರುತ್ತೆ ಕಣೇ," ಎಂದಿದ್ದಳು ತಕ್ಬರ್. "ನಿನ್ನ ಪದ್ಯ ಬಾಯಲ್ಲೇ ಇದೆ. ಈ ಸಲ ದಾಟಿದರೆ ಅದರ ಪುಣ್ಯ ನಿಂಗೂ ನಿನ್ನ ತಾತಂಗೂ."

ಸಲ್ಕಾಳ ಎದೆ ಹಿಗ್ಗಿ ಮೈಗೆ ಸುತ್ತಿದ್ದ ಮೆಲ್ಹಫಾದ ಸೆರಗು ಹೆಗಲಿಂದ ಜಾರಿತು. ಹಿಗ್ಗು ಮಧ್ಯಾಹ್ನದ ನಂತರದ ನಮಾಜಿನವರೆಗೆ ಮಾತ್ರ ಉಳಿಯಿತು.

ನಮಾಜು ಮುಗಿಸಿ ಬಂದು ನೋಡಿದರೆ ಯೇರೋ ಮಾತಾಡಿ ಕಳಿಸಿದ್ದ. ಯೇರೋ ನದಿಯಂಚಿನ ಕಾಯೆದಿ ಊರಿನ ಹುಡುಗ, ಫುಲಾನಿ ದನಗಾಹಿಗಳ ಮನೆಯವನು. ಪದ್ಯ ಅವನಿಗೆ ಆಗಿಬರುವುದಿಲ್ಲ, ಲೆಕ್ಕವೇ ಅವನ ದನ, ಲೆಕ್ಕವೇ ಅವನ ಹಾಲು. ಎಲ್ಲರನ್ನೂ ಕೆಣಕುವುದು ಅವನಿಗೆ ಊಟದಷ್ಟೇ ಅಗತ್ಯ.

"ಏ ಸಲ್ಕಾ, ನಿಮ್ಮೂರಲ್ಲಿ ಖರ್ಜೂರದ ಗೊನೆ ಬಿದ್ದರೆ ಅದಕ್ಕೆ ಎರಡರಷ್ಟು ಶಕ್ತಿ ಬರುತ್ತಾ? ನಮ್ಮ ಕಡೆ ಮಾವಿನಹಣ್ಣು ಬಿದ್ದರೆ ಎಷ್ಟು ಎತ್ತರ ಇತ್ತೋ ಅಷ್ಟೇ ಶಕ್ತಿ. ಸೋಮಾರಿ ಹಣ್ಣು, ಪಾಪ. ನಿಮ್ಮ ತಾತನ್ನ ಒಂದ್ಸಲ ಮರದ ಕೆಳಗೆ ಕೂರಿಸಿ ನೋಡು."

ಸಲ್ಕಾ ನಕ್ಕಳು. ನಗುತ್ತಲೇ ತಾತನ ಹಳೆಯ ಹಲಗೆ ತೆಗೆದುಕೊಂಡು ಇದ್ದಿಲಿನಲ್ಲಿ ಲೆಕ್ಕ ಹಾಕಿದಳು. ಒಂದು ಕಿಲೋ ಗೊನೆ. ಮರ ಇಪ್ಪತ್ತು ಮೀಟರು. ಮೇಲಿದ್ದಾಗ ಅದರಲ್ಲಿ ಅಡಗಿರುವ ಶಕ್ತಿ ಇನ್ನೂರು. ನೆಲ ಮುಟ್ಟುವ ಹೊತ್ತಿಗೆ ವೇಗ ಇಪ್ಪತ್ತು. ಈಗ ಪದ್ಯ ಹೇಳಿಕೊಂಡಳು. ರಾಶಿಯ ತೆಗೆದುಕೊ, ಒಂದು. ವೇಗದಿ ಗುಣಿಸಿಕೊ, ಇಪ್ಪತ್ತು. ವೇಗದಿ ಮರಳಿಯು. ನಾನೂರು.

ನಗು ಅಲ್ಲೇ ಒಣಗಿತು. ಇನ್ನೂರು ಇಟ್ಟುಕೊಂಡು ಹೊರಟ ಗೊನೆ ನಾನೂರು ಹೊತ್ತು ಇಳಿದಿತ್ತು. ಪಠ್ಯಪುಸ್ತಕ ತೆಗೆದಳು. ಸೂತ್ರದ ಮೊದಲಲ್ಲೇ, ಬಾಗಿಲ ಮೇಲಿನ ಹಲ್ಲಿಯ ಹಾಗೆ, ಪುಟ್ಟದಾಗಿ ಒಂದು ಅರ್ಧ ಕೂತಿತ್ತು.

ಆಗ ಅವಳಿಗೆ ನೆನಪಾಯಿತು. ಮೊದಲು ಕಟ್ಟಿದಾಗ ಆ ಅರ್ಧ ಪದ್ಯದಲ್ಲಿ ಇತ್ತು. ತಾತ ಬೆರಳಿನಲ್ಲಿ ಎಣಿಸುತ್ತ ಬಂದು ಅಲ್ಲಿ ನಿಂತಿದ್ದರು. ಈ ಅರ್ಧ ಯಾಕೋ ಇಲ್ಲಿ ಕಲ್ಲಿನ ಹಾಗೆ ಕಾಲಿಗೆ ಸಿಗುತ್ತಿದೆ, ತೆಗೆದು ಹಾಕು ಎಂದಿದ್ದರು. ತೆಗೆದ ಮೇಲೆ ಪದ್ಯ ಎಷ್ಟು ಸಲೀಸಾಗಿ ಓಡಿತೆಂದರೆ, ಬಿದ್ದುಹೋದದ್ದರ ಕಡೆ ಇಬ್ಬರೂ ತಿರುಗಿ ನೋಡಿರಲಿಲ್ಲ.

ತಕ್ಬರಳಿಗೆ ಕರೆ ಮಾಡಿದಳು. ಆ ಫೋನು ಸಿಗ್ನಲ್ ಇಲ್ಲದ ಕಡೆ ಇದೆಯೆಂದು ಯಂತ್ರದ ಹೆಂಗಸು ತಣ್ಣಗೆ ಹೇಳಿದಳು. ಸಂದೇಶ ಕಳಿಸಿದಳು. ಒಂದೇ ಗೀಟು ಬಿತ್ತು. ಎರಡನೆಯ ಗೀಟು ಬೀಳಬೇಕಾದರೆ ತಕ್ಬರ್ ಬಂಡೆ ಹತ್ತಬೇಕು, ಅವಳು ಇನ್ನು ಹತ್ತುವುದಿಲ್ಲ. ನಾಳೆ ಬೆಳಕು ಹರಿಯುವ ಮುಂಚೆ ನಾಡಿನ ತುಂಬ ಇಂಟರ್ನೆಟ್ಟನ್ನೇ ನಿಲ್ಲಿಸುತ್ತಾರೆ. ಪ್ರಶ್ನೆಪತ್ರಿಕೆ ಸೋರಬಾರದೆಂದು ಪರೀಕ್ಷೆಯ ದಿನಗಳಲ್ಲಿ ಅದೊಂದು ವಾಡಿಕೆ. ತಕ್ಬರಳ ಮೂರನೇ ಲೋಟಕ್ಕೆ ತಾನು ಉಪ್ಪು ಹಾಕಿದೆನಲ್ಲ ಎಂದು ಸಲ್ಕಾ ತಲೆಗೆ ಕೈಹೊತ್ತು ಕೂತಳು.

ತಕ್ಬರ್ ಸಿಗದಿದ್ದರೆ ಗುಂಪಿಗಾದರೂ ಹೇಳೋಣವೆಂದು ಹೇಳಿದಳು. ಪದ್ಯದಲ್ಲಿ ಒಂದು ಅರ್ಧ ಬಿಟ್ಟುಹೋಗಿದೆ, ಕೊನೆಯಲ್ಲಿ ಅರ್ಧ ಮಾಡಿಕೊಳ್ಳಿ, ಕ್ಷಮಿಸಿ ಎಂದು. ಆಮೇಲೆ ನಡೆದದ್ದು ಆ ಊರುಗಳಲ್ಲಿ ಮಾತ್ರ ನಡೆಯಬಹುದಾದ ಸಂಗತಿ. ಗುಂಪು ಅವಳನ್ನು ನಂಬಲಿಲ್ಲ. ಪರೀಕ್ಷೆಯ ಹಿಂದಿನ ದಿನ ಸುಳ್ಳು ಸುದ್ದಿ ಹಬ್ಬಿಸುವವರು ಇದ್ದೇ ಇರುತ್ತಾರೆ ಎಂದು ಒಬ್ಬ. ಸಲ್ಕಾಳ ಫೋನು ಕಳುವಾಗಿದೆ, ಯಾರೋ ಅವಳ ಧ್ವನಿ ಅಣಕಿಸುತ್ತಿದ್ದಾರೆ ಎಂದು ಇನ್ನೊಬ್ಬಳು. ಅಷ್ಟು ಸೊಗಸಾದ ಲಯದಲ್ಲಿ ತಪ್ಪು ಇರುವುದು ಸಾಧ್ಯವೇ ಇಲ್ಲ, ತಪ್ಪಿದ್ದರೆ ಸಿದಾತಿಯವರ ಕಿವಿಗೆ ಬೀಳದೆ ಇರುತ್ತಿತ್ತೇ ಎಂದು ಮೂರನೆಯವನು. ನೀನು ನಿಜವಾಗಿ ಸಲ್ಕಾ ಆದರೆ ಪದ್ಯದಲ್ಲಿ ಹೇಳು, ಬರೀ ಮಾತಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು ಎಂದು ಎಲ್ಲರೂ ಸೇರಿ ತೀರ್ಪು ಕೊಟ್ಟರು.

ಯೇರೋ ಒಬ್ಬನೇ ಅವಳ ಪಕ್ಷ. ಇನ್ನೂರನ್ನು ನಾನೂರು ಮಾಡುವವನು ಮೇಲೊಬ್ಬನೇ ಇದ್ದಾನೆ, ಅವನು ಬಾಕ್ ಪರೀಕ್ಷೆಗೆ ಕೂರುವುದಿಲ್ಲ ಎಂದು ಗುಂಪಿಗೆ ತಿಳಿಹೇಳಿದ. ಪದ್ಯ ಬಾರದವನ ಮಾತು ಯಾರಿಗೆ ಬೇಕು?

ಸಲ್ಕಾ ಎದ್ದು ತಾತನ ಹತ್ತಿರ ಹೋದಳು. ತಾತ ಅಂಗಳದ ನೆರಳಿನಲ್ಲಿ ಟೀ ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿದು ನೊರೆ ಬರಿಸುತ್ತಿದ್ದರು. ಗೊನೆ, ಮರ, ಇನ್ನೂರು, ನಾನೂರು ಎಲ್ಲ ಹೇಳಿದಳು. ಅವರು ಸುರಿಯುವುದನ್ನು ನಿಲ್ಲಿಸಿದರು.

"ಹಾಗಾದ್ರೆ ನಾನು ಮಕ್ಕಳ ಅನ್ನಕ್ಕೆ ಕಲ್ಲು ಹಾಕಿದೆ," ಎಂದರು.

"ನಾನೂ ಹಾಕಿದೆ ತಾತ."

"ನೀನು ಇಟ್ಟಿದ್ದೆ. ತೆಗೆಸಿದ್ದು ನಾನು." ಲೋಟ ಕೆಳಗಿಟ್ಟು, "ಬಾಯಿಗೆ ಹೋದ ಪದ್ಯಾನ ವಾಪಸ್ ಬಾ ಅಂದ್ರೆ ಬರಲ್ಲ ಮಗಳೇ. ಇನ್ನೊಂದು ಪದ್ಯ ಹೋಗಿ ಅದನ್ನ ಅಟ್ಟಬೇಕು. ಕೂತ್ಕೋ," ಎಂದರು.

ಕೂತರು. ಅರ್ಧವನ್ನು ಮೊದಲ ಸಾಲಿಗೆ ಹಾಕಿ ನೋಡಿದರು, ಎರಡನೆಯ ಸಾಲು ಮುನಿಸಿಕೊಂಡಿತು. ಎರಡನೆಯದಕ್ಕೆ ಹಾಕಿದರು, ಬಾಲ ಉದ್ದವಾಯಿತು. ಮೂರನೆಯದರ ಕೊನೆಗೆ ಕಟ್ಟಿದರು, ಕತ್ತೆಗೆ ಕಟ್ಟಿದ ಡಬ್ಬಿಯಂತೆ ಸದ್ದು ಮಾಡಿತು. ತಾತ ಗಡ್ಡ ಎಳೆದುಕೊಂಡರು. ಟೀ ಆರಿತು, ಮತ್ತೆ ಬಿಸಿಯಾಯಿತು, ಮತ್ತೆ ಆರಿತು. ಅವಸರದಲ್ಲಿರುವವರ ಹತ್ತಿರ ಪದ್ಯ ಸುಳಿಯುವುದಿಲ್ಲ, ಹೆದರಿದ ಮೇಕೆಯ ಹಾಗೆ ಗುಡ್ಡದ ಆಚೆ ನಿಂತು ನೋಡುತ್ತದೆ. ಸೂರ್ಯ ಖರ್ಜೂರದ ಮರಗಳ ಸೊಂಟಕ್ಕೆ ಬಂದಿದ್ದ.

ಕೊನೆಗೆ ತಾತ ಬೇಸತ್ತು ಊರುಗೋಲು ಹಿಡಿದು ನೀರು ಕುಡಿಯಲು ಎದ್ದರು. ಹೆಜ್ಜೆ, ಹೆಜ್ಜೆ, ಟಕ್. ಹೆಜ್ಜೆ, ಹೆಜ್ಜೆ, ಟಕ್. ಒಳಮನೆಯಲ್ಲಿ ಕಾಳು ಆರಿಸುತ್ತಿದ್ದ ಸಲ್ಕಾಳ ಅಮ್ಮ ತಲೆಯೆತ್ತದೆಯೇ, ಮಾವ ಬಂದರು, ನೀರು ಕೊಡೇ ಎಂದಳು.

ಸಲ್ಕಾ ಆ ಶಬ್ದವನ್ನು ಹುಟ್ಟಿದಾಗಿನಿಂದ ಕೇಳಿದ್ದಳು. ಅವತ್ತು ಮೊದಲ ಸಲ ಕೇಳಿಸಿಕೊಂಡಳು.

"ತಾತ," ಎಂದಳು, "ನೀವು ಬರೋದು ಇಡೀ ಬೀದಿಗೆ ಹೇಗೆ ಗೊತ್ತಾಗುತ್ತೆ?"

"ಕುಂಟ್ತೀನಲ್ಲ, ಅದಕ್ಕೆ."

"ನೆಟ್ಟಗೆ ನಡೆಯೋರು ಬಂದರೆ?"

ತಾತ ಊರುಗೋಲು ಊರಿ ನಿಂತರು. ಮೊಮ್ಮಗಳ ಮುಖ ನೋಡಿದರು. ಅವಳ ಮನಸ್ಸಿನಲ್ಲಿ ಏನು ಬಂದಿದೆಯೆಂದು ತಿಳಿದು ಅವರ ಕಿವಿ ಕೆಂಪಾಯಿತು.

"ಬೇಡ. ಅದೊಂದು ಕೇಳಬೇಡ. ಈ ವಯಸ್ಸಿನಲ್ಲಿ ನನ್ನ ಬಾಯಿಂದ ಕುಂಟು ಪದ್ಯ ಹೇಳಿಸ್ತೀಯಾ?"

ಹೇಳಿಸಿದಳು. ಸುಲಭಕ್ಕೆ ಅಲ್ಲ. ನನ್ನ ಧ್ವನಿಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದಳು. ತಕ್ಬರಳ ಮೂರನೇ ಲೋಟದ ಕಥೆ ಹೇಳಿದಳು. ತಾತ ತಮ್ಮ ಗುರುಗಳನ್ನು ನೆನೆದರು, ಗೋರಿಯಲ್ಲಿ ಅವರು ಮಗ್ಗುಲು ಬದಲಿಸುತ್ತಾರೆ ಎಂದರು. ಆಮೇಲೆ, ನಾಳೆ ದೇವರ ಮುಂದೆ ನಿಂತಾಗ ನನ್ನ ಲಯದ ಲೆಕ್ಕ ಕೇಳುವುದಕ್ಕಿಂತ ಮೊದಲು ಆ ಮಗುವಿನ ಲೆಕ್ಕ ಕೇಳುತ್ತಾನೆ ಎಂದು ತಾವೇ ಒಪ್ಪಿಕೊಂಡರು. ತಲೆಗೆ ಮುಂಡಾಸು ಸರಿಯಾಗಿ ಸುತ್ತಿಕೊಂಡರು. ಧ್ವನಿಗೆ ಮುಂಡಾಸು ಯಾಕೆ ಎಂದು ಅಮ್ಮ ಒಳಗಿನಿಂದ ಕೇಳಿದಳು. ಮರ್ಯಾದೆ ಹೋಗುವಾಗಲಾದರೂ ತಲೆಯ ಮೇಲೆ ಏನಾದರೂ ಇರಲಿ ಎಂದರು ತಾತ.

ಸಲ್ಕಾ ಫೋನು ಅವರ ಬಾಯಿಯ ಹತ್ತಿರ ಹಿಡಿದಳು. ಬಿಸ್ಮಿಲ್ಲಾ ಎಂದು, ಗಂಟಲು ಸರಿಮಾಡಿಕೊಂಡು, ಸಿದಾತಿ ತಮ್ಮ ಆಯುಷ್ಯದ ಮೊದಲ ಕುಂಟು ಪದ್ಯವನ್ನು ಓದಿದರು.

ರಾಶಿಯ ತೆಗೆದುಕೊ, ವೇಗದಿ ಗುಣಿಸಿಕೊ,
ವೇಗದಿ ಮರಳಿಯು ಗುಣಿಸಿ... ನಿಲ್ಲು, ಅರ್ಧ ಬಿಸಾಡು...
ಓಡುವ ವಸ್ತುವಿನೊಡಲಿನ ಶಕ್ತಿಯು.

'ನಿಲ್ಲು' ಎನ್ನುವಾಗ ಕೈಯಲ್ಲಿದ್ದ ಊರುಗೋಲು ತಾನಾಗಿ ನೆಲಕ್ಕೆ ಟಕ್ ಎಂದಿತು. ಅಮ್ಮ ಒಳಗೆ ಫಕ್ಕನೆ ನಕ್ಕಳು. ಸಲ್ಕಾ ಸೆರಗು ಬಾಯಿಗೆ ತುರುಕಿಕೊಂಡಳು. ತಾತ ಕೊನೆಯ ಸಾಲನ್ನು ಗಂಭೀರವಾಗಿಯೇ ಮುಗಿಸಿದರು, ಮುಗಿಸಿ ಒಂದು ಉಸಿರು ತಡೆದರು, ಆಮೇಲೆ ಕೆರೆಯ ಕಟ್ಟೆ ಒಡೆದ ಹಾಗೆ ನಕ್ಕರು. ಇನ್ನೊಂದು ಸಲ ನಗು ಇಲ್ಲದೆ ಓದೋಣವೆಂದು ಮತ್ತೆ ಮತ್ತೆ ಹೊರಟರು, ಪ್ರತಿ ಸಲ 'ನಿಲ್ಲು' ಬರುವ ಮೊದಲೇ ಮೂವರೂ ಉರುಳುತ್ತಿದ್ದರು. ಕೊನೆಗೆ ನಗು ಸಮೇತ ಮೊದಲನೆಯದನ್ನೇ ಕಳಿಸಿದರು.

ಗುಂಪಿನವರು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ಸಿದಾತಿಯವರ ಬಾಯಲ್ಲಿ ತಾಳ ತಪ್ಪಿದೆ ಎಂದರೆ ಆಕಾಶದಲ್ಲಿ ಏನೋ ಆಗಿರಬೇಕು. ಆಮೇಲೆ ಒಬ್ಬೊಬ್ಬರಾಗಿ ಅದನ್ನು ಹೇಳಿ ಕಳಿಸತೊಡಗಿದರು, ಟಕ್ ಸಮೇತ. ಒಬ್ಬ ಚಮಚದಿಂದ ತಟ್ಟೆ ಬಡಿದಿದ್ದ, ಒಬ್ಬಳ ಹಿನ್ನೆಲೆಯಲ್ಲಿ ಮೇಕೆ ಸರಿಯಾಗಿ ಆ ಜಾಗದಲ್ಲೇ ಕೂಗಿತ್ತು. ಪದ್ಯವೇ ಬಾರದ ಯೇರೋ ಕೂಡ ಹೇಳಿದ. ನನಗೆ ಬರುವ ಪದ್ಯ ಇದೊಂದೇ, ಇದರ ಕಾಲು ಕುಂಟಾದ್ದರಿಂದ ನನ್ನಿಂದ ಓಡಿಹೋಗಲು ಆಗಲಿಲ್ಲ ಎಂದ. ನಗುವಿನ ವಿಷಯವಾದ್ದರಿಂದ ಗುಂಪಿನಿಂದ ಗುಂಪಿಗೆ, ಭೌತಶಾಸ್ತ್ರದ ಗಂಧವಿಲ್ಲದವರ ಫೋನಿಗೂ ಹಾರಿತು. ಹಳೆಯ ಪದ್ಯ ಹೋದ ದಾರಿಯಲ್ಲೆಲ್ಲ ಹೊಸದು ಅದನ್ನು ಹಿಂದೆಯೇ ಅಟ್ಟಿಕೊಂಡು ಹೋಯಿತು.

ತಕ್ಬರಳ ಹೆಸರಿನ ಮುಂದೆ ಮಾತ್ರ ಒಂದೇ ಗೀಟು. ಸಂಜೆಯ ನಮಾಜಿನಲ್ಲಿ ಸಲ್ಕಾ ಹಣೆಯನ್ನು ನೆಲದಿಂದ ತಡವಾಗಿ ಎತ್ತಿದಳು. ಕೈಯಲ್ಲಿದ್ದದ್ದು ಮುಗಿಯಿತು ದೇವರೇ, ಇನ್ನು ನಿನ್ನ ಹಗ್ಗ ಎಂದಳು.

ಮಾರನೆಯ ದಿನ ಅತಾರಿನ ಪರೀಕ್ಷೆಯ ಕೋಣೆಯಲ್ಲಿ ಶಕ್ತಿಯ ಲೆಕ್ಕ ಬಂದೇ ಬಂತು. ಇಳಿಜಾರಿನಲ್ಲಿ ಜಾರುವ ಗಾಡಿಯದ್ದು. ಮೊದಲು ಎಲ್ಲರೂ ತಲೆ ತಗ್ಗಿಸಿದರು, ತುಟಿಗಳು ಅಲ್ಲಾಡಿದವು, ಆಮೇಲೆ ಒಂದು ಮೂಲೆಯಿಂದ ಟಕ್ ಎಂದಿತು. ಇನ್ನೊಂದು ಮೂಲೆಯಿಂದ ಟಕ್. ಚಪ್ಪಲಿಯ ಹಿಮ್ಮಡಿ, ಪೆನ್ನಿನ ಹಿಂಬದಿ, ಬೆರಳ ಗೆಣ್ಣು. ಮೇಲ್ವಿಚಾರಕರು ಎದ್ದು ಬೆಂಚಿನ ಕೆಳಗೆಲ್ಲ ಬಗ್ಗಿ ನೋಡಿದರು. ಏನೂ ಸಿಗಲಿಲ್ಲ. ಗೆದ್ದಲು ಹಿಡಿದಿರಬೇಕು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಸಲ್ಕಾ ತನ್ನ ಲೆಕ್ಕ ಮುಗಿಸಿದಳು. ಮನಸ್ಸು ಮಾತ್ರ ತಿಜಿಕ್ಜಾದಲ್ಲಿತ್ತು. ಅಲ್ಲಿ ಒಬ್ಬ ಹುಡುಗಿ ಟಕ್ ಇಲ್ಲದೆ, ಸಲೀಸಾಗಿ, ನೀರು ಕುಡಿದಂತೆ ತಪ್ಪು ಬರೆಯುತ್ತಿರಬಹುದು.

ಸಂಜೆ ಇಂಟರ್ನೆಟ್ಟು ಬಂತು. ಮೊದಲು ಬಂದದ್ದು ತಕ್ಬರಳ ಧ್ವನಿ, ತುಂಬಾ ಉದ್ದದ್ದು. ಸಲ್ಕಾಳಿಗೆ ಒಬ್ಬಳೇ ಕೇಳುವ ಧೈರ್ಯ ಬರಲಿಲ್ಲ, ತಾತನ ಪಕ್ಕ ಕೂತು ಒತ್ತಿದಳು.

"ಲೇ ಸಲ್ಕಾ, ಕೇಳು. ಬೆಳಗ್ಗೆ ಶಾಲೆ ಗೇಟಿನ ಹತ್ತಿರ ನಿಂತಿದ್ದೆ. ಪಕ್ಕದಲ್ಲಿ ಯಾವಳೋ ಒಬ್ಬಳು ನಿಮ್ಮ ತಾತನ ಪದ್ಯ ಹೇಳ್ಕೋತಿದ್ದಾಳೆ. ಅಯ್ಯೋ, ಹೇಳೋ ರೀತಿನಾ ಅದು? ನಟ್ಟ ನಡುವೆ ತಾಳ ಮುರಿದು ಬಿಸಾಕಿದಾಳೆ, ಕಾಲು ಬೇರೆ ಕುಟ್ತಾಳೆ. ನಂಗೆ ಮೈಯೆಲ್ಲ ಉರಿದುಹೋಯ್ತು. ಪರೀಕ್ಷೆ ಇದ್ದರೆ ಇರಲಿ ಅಂತ ಹೋಗಿ ಅವಳನ್ನ ಹಿಡ್ಕೊಂಡೆ. ಯಾರೇ ನೀನು, ದೊಡ್ಡವರ ಪದ್ಯ ಹಾಳು ಮಾಡೋಕೆ ನಾಚಿಕೆ ಆಗಲ್ವಾ ಅಂದೆ. ಅವಳು ನನ್ನೇ ಹುಚ್ಚಿ ಅನ್ನೋ ಹಾಗೆ ನೋಡಿ, ಅದು ದೊಡ್ಡವರೇ ಮುರಿದದ್ದು ಕಣಮ್ಮ, ಅಲ್ಲಿ ಅರ್ಧ ಇದೆ ಅಂದ್ಲು. ಗಂಟೆ ಹೊಡೀತು. ಒಳಗೆ ಹೋದೆ. ಲೆಕ್ಕ ಬಂತು. ಹಳೇ ಪದ್ಯ ಹೇಳೋಕೆ ಹೊರಟರೆ ಅವಳ ಕಾಲು ಕಿವಿಯಲ್ಲಿ ಟಕ್ ಅಂತು. ಬರೆದೆ ಕಣೇ. ಅರ್ಧ ಹಾಕಿಯೇ ಬರೆದೆ."

ಆಮೇಲೆ ಧ್ವನಿಯಲ್ಲಿ ಮಾತಿರಲಿಲ್ಲ. ಬಂಡೆಯ ಮೇಲಿನ ಗಾಳಿಯ ಸದ್ದು, ಅದರೊಳಗೆ ಅವಳ ನಗು.

ಸಲ್ಕಾ ಅಳುತ್ತ ನಗುತ್ತ ಅಂಗಳವನ್ನೆಲ್ಲ ಸುತ್ತಿದಳು. ತಾತ ಆ ಧ್ವನಿಯನ್ನು ಇನ್ನೊಮ್ಮೆ ಹಾಕಿಸಿಕೊಂಡರು, ಮತ್ತೂ ಒಮ್ಮೆ ಹಾಕಿಸಿಕೊಂಡರು. ಅವರಿಗೆ ಹಿಡಿಸಿದ್ದು ಲೆಕ್ಕವಲ್ಲ. ಪರೀಕ್ಷೆಯ ಬಾಗಿಲಲ್ಲಿ ನಿಂತು ಗುರುತಿಲ್ಲದವಳ ಕೈಹಿಡಿದು ತಾಳ ತಪ್ಪಿತೆಂದು ಬೈಯುವ ಹುಡುಗಿ ಈ ಕಾಲದಲ್ಲೂ ಇದ್ದಾಳಲ್ಲ, ಸ್ತುತಿ ಆ ದೇವರಿಗೆ ಎಂದರು. ಒಂದು ಚಿಂತೆ ಮಾತ್ರ ಉಳಿಯಿತು.

"ಈಗ ದೇಶವೆಲ್ಲ ನಾನು ಕುಂಟು ಪದ್ಯ ಕಟ್ಟೋನು ಅಂದ್ಕೊಳ್ಳುತ್ತೆ."

"ಅರ್ಧ ದೇಶ ತಾತ," ಎಂದಳು ಸಲ್ಕಾ. "ಮರೀಬೇಡಿ."

ಫಲಿತಾಂಶ ಬರುವ ಹೊತ್ತಿಗೆ ಖರ್ಜೂರ ಪೂರ್ತಿ ಹಣ್ಣಾಗಿತ್ತು. ತಕ್ಬರ್ ಪಾಸಾಗಿದ್ದಳು. ಯೇರೋ ಪಾಸಾಗಿದ್ದ, ಸಲ್ಕಾಳೂ ಆಗಿದ್ದಳು. ಸ್ವಲ್ಪದರಲ್ಲಿ ತಪ್ಪಿಸಿಕೊಂಡವರಿಗೆ ಎರಡನೆಯ ಸುತ್ತಿನ ಪರೀಕ್ಷೆ ಇತ್ತು, ಗುಂಪು ಮತ್ತೆ ಹಗ್ಗ ಇಳಿಸಿ ಕೂತಿತು. ಒಂದು ದಿನ ತಿಜಿಕ್ಜಾದ ಕಡೆಯಿಂದ ಬಂದ ಪ್ರಯಾಣಿಕನೊಬ್ಬ ತಾತನಿಗೆಂದು ಒಂದು ಚೀಲ ಖರ್ಜೂರ ಇಳಿಸಿ ಹೋದ. ಅದರ ಹಿಂದೆಯೇ ತಕ್ಬರಳ ಧ್ವನಿ ಬಂತು. ಪದ್ಯವೊಂದನ್ನು ಕಟ್ಟಿದ್ದೇನೆ, ತಾತ ಕೇಳಿ ತಪ್ಪು ತಿದ್ದಬೇಕು ಎಂದಿದ್ದಳು.

ರಾಶಿಯ ವೇಗದ ವರ್ಗದ ಅರ್ಧವೆ
ಓಡುವ ವಸ್ತುವಿನೊಡಲಿನ ಶಕ್ತಿಯು.

ತಾತ ಬೆರಳಿನಲ್ಲಿ ಎಣಿಸಿದರು. ಇನ್ನೊಂದು ಕೈಯಲ್ಲೂ ಎಣಿಸಿದರು. ಎಲ್ಲೂ ಕಲ್ಲಿಲ್ಲ. ಅಂದು ಸಂಜೆಯವರೆಗೆ ಗಡ್ಡ ಎಳೆದುಕೊಂಡರೂ ಎಲ್ಲೂ ಹಿಡಿಸದಿದ್ದ ಅರ್ಧ, ತವರಿಗೆ ಬಂದ ಮಗಳ ಹಾಗೆ ತನ್ನ ಜಾಗದಲ್ಲಿ ತಾನು ನೆಮ್ಮದಿಯಾಗಿ ಕೂತಿತ್ತು. ಅವರು ಖರ್ಜೂರವೊಂದನ್ನು ಬಾಯಿಗೆ ಹಾಕಿಕೊಂಡು ಬೀಜವನ್ನು ಬಹಳ ಹೊತ್ತು ನಾಲಿಗೆಯಲ್ಲಿ ಹೊರಳಿಸಿದರು.

"ಚೆನ್ನಾಗಿದೆ ಅಂತ ಹೇಳು," ಎಂದರು ಕೊನೆಗೆ. "ತುಂಬಾ ಚೆನ್ನಾಗಿದೆ. ಆದ್ರೆ ಇದು ಕುಂಟೋದೇ ಇಲ್ವಲ್ಲ ಮಗಳೇ. ಬಂದರೆ ಯಾರಿಗೆ ಗೊತ್ತಾಗುತ್ತೆ?"